ಒಂದೇ ಹಣ, ಎರಡು ನಮೂದು

ವಾರ್ಷಿಕ ವರದಿಯಲ್ಲಿ ಜಮಾ-ಖರ್ಚಿನ ಪಟ್ಟಿಯ ಹಿಂದೆ ಒಂದೆರಡು ಪುಟಗಳನ್ನು ಪಾಠಕ್ಕೆ ಮೀಸಲಿಡುತ್ತೇವೆ. ಈ ಸಲದ ಪಾಠ ನಮ್ಮದೇ ಲೆಕ್ಕದ ಪುಸ್ತಕದಿಂದ ಬಂದದ್ದು. 2024-25ರ ಲೆಕ್ಕದಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಅದರಿಂದ ಕಮಲಾಪುರದ ಒಂದು ಮನೆಗೆ ತೊಂದರೆಯೂ ಆಯಿತು. ತಪ್ಪು ಸರಿಯಾಗಿದೆ, ಆದರೂ ಅದು ಹೇಗಾಯಿತು ಎಂಬುದನ್ನು ತಿಳಿಯುವ ಹಕ್ಕು ಹಣ ಕೊಟ್ಟವರಿಗೂ ಪಡೆದವರಿಗೂ ಇದೆ.

ಮೊದಲು ಬ್ಯಾಂಕ್ ತಾಳೆ ಎಂದರೇನು ಎಂಬುದನ್ನು ಹೇಳಿಬಿಡುತ್ತೇವೆ. ಪ್ರಥಮ ಪಿಯುಸಿ ವಾಣಿಜ್ಯ ಓದಿದ ಮಕ್ಕಳಿಗೆ ಇದು ಗೊತ್ತು. ಟ್ರಸ್ಟಿಗೆ ಬಂದ ಹಣ, ಹೋದ ಹಣ ಎರಡು ಕಡೆ ಬರೆಯಲ್ಪಡುತ್ತದೆ. ಒಂದು ನಮ್ಮ ಪುಸ್ತಕ, ಇನ್ನೊಂದು ಬ್ಯಾಂಕಿನವರ ಪುಸ್ತಕ. ತಿಂಗಳ ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು, ಸಾಲಿಗೆ ಸಾಲು ಗುರುತು ಹಾಕುತ್ತ ಹೋಗುವುದೇ ತಾಳೆ ನೋಡುವುದು. ಶಾಲೆಯಲ್ಲಿ ಹಾಜರಿ ಕರೆದ ಹಾಗೆ. ಒಬ್ಬ ಹುಡುಗ ಗೆಳೆಯನ ಪರವಾಗಿಯೂ ‘ಹಾಜರ್ ಸರ್’ ಎಂದರೆ ಪುಸ್ತಕದಲ್ಲಿ ಇಬ್ಬರು, ಬೆಂಚಿನ ಮೇಲೆ ಒಬ್ಬನೇ. ಲೆಕ್ಕದಲ್ಲಿ ಜೋಡಿ ನಮೂದು ಎಂದರೆ ಅದೇ.

ಈಗ ಎಲ್ಲವೂ ಕಂಪ್ಯೂಟರಿನಲ್ಲಿ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಟ್ಯಾಲಿಯಂಥ ತಂತ್ರಾಂಶಗಳಲ್ಲಿ ಬ್ಯಾಂಕಿನ ಸ್ಟೇಟ್‌ಮೆಂಟ್ ಕಡತವನ್ನೇ ನೇರವಾಗಿ ಸೇರಿಸಬಹುದು. ಬೆರಳು ನೋಯುವುದು ತಪ್ಪಿತು, ಆದರೆ ಜೋಡಿ ನಮೂದು ಹುಟ್ಟುವ ದಾರಿಗಳು ಹೆಚ್ಚಾದವು.

ಕಳೆದ ವರ್ಷ ರಂಜಾನ್ ಮಾರ್ಚ್ 2ಕ್ಕೆ ಆರಂಭವಾಗಿ, ಈದ್ ಮಾರ್ಚ್ 31ರಂದೇ ಬಂತು. ಅಂದರೆ ಝಕಾತ್ ಹೆಚ್ಚು ಬರುವ ತಿಂಗಳೂ ಹಣಕಾಸು ವರ್ಷದ ಕೊನೆಯ ತಿಂಗಳೂ ಒಂದೇ ಆದವು. ನೆಫ್ಟ್ 2019ರ ಡಿಸೆಂಬರ್ 16ರಿಂದ ದಿನದ 24 ಗಂಟೆಯೂ ನಡೆಯುತ್ತಿರುವುದರಿಂದ ಹಬ್ಬದ ದಿನವೂ ಹಣ ಬರುತ್ತಲೇ ಇತ್ತು. ಒಬ್ಬ ಸ್ವಯಂಸೇವಕ ಕಲಬುರಗಿಯ ಕಚೇರಿಯಲ್ಲಿ ರಸೀದಿ ಪುಸ್ತಕ ನೋಡಿ ನಮೂದು ಮಾಡುತ್ತಿದ್ದ. ಇನ್ನೊಬ್ಬ ಮನೆಯಲ್ಲಿ ಕುಳಿತು ಸ್ಟೇಟ್‌ಮೆಂಟ್ ಸೇರಿಸುತ್ತಿದ್ದ. ವರ್ಷ ಮುಗಿದಾಗ ನಮ್ಮ ಪುಸ್ತಕದ ಶಿಲ್ಕು ಬ್ಯಾಂಕಿನ ಶಿಲ್ಕಿಗಿಂತ ₹15,900 ಹೆಚ್ಚಿತ್ತು.

ಹುಡುಕಿದಾಗ ಮೊದಲು ಸಿಕ್ಕದ್ದು ₹10,000ದ ದೇಣಿಗೆ. ರಸೀದಿ ಬರೆದದ್ದು ಮಾರ್ಚ್ 30ಕ್ಕೆ, ಬ್ಯಾಂಕಿನಲ್ಲಿ ಜಮೆಯಾದದ್ದು 31ಕ್ಕೆ. ತಾರೀಖು ಬೇರೆಯಾದ್ದರಿಂದ ಅದೇ ಹಣ ಎರಡು ಸಲ ಕುಳಿತಿತ್ತು. ಎರಡನೆಯದು ₹5,000. ಸ್ಟೇಟ್‌ಮೆಂಟನ್ನು ಮೊದಲು 1ರಿಂದ 25ರವರೆಗೆ, ಆಮೇಲೆ 20ರಿಂದ 31ರವರೆಗೆ ಸೇರಿಸಿದ್ದೆವು. ನಡುವಿನ ಆರು ದಿನಗಳು ಎರಡು ಸಲ ಬಂದವು. ವ್ಯವಹಾರ ಸಂಖ್ಯೆ ಒಂದೇ ಇದ್ದವನ್ನು ತಂತ್ರಾಂಶ ತಾನೇ ಬಿಟ್ಟಿತು. ಆದರೆ ಒಂದು ನಮೂದಿನಲ್ಲಿ ನಾವೇ ಆ ಸಂಖ್ಯೆಯನ್ನು ಅಳಿಸಿ ದಾನಿಯ ಹೆಸರು ಬರೆದಿದ್ದೆವು. ಅದನ್ನು ಅದು ಹೇಗೆ ಗುರುತಿಸೀತು? ಉಳಿದದ್ದು ₹900. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯೇ ನೋಡಿ ಎಂದು ನಾವು ಮಕ್ಕಳಿಗೆ ಹೇಳುತ್ತಿದ್ದದ್ದು ಇಲ್ಲಿ ಉಪಯೋಗಕ್ಕೆ ಬಂತು. ₹4,500 ಎಂಬುದನ್ನು ಯಾರೋ ₹5,400 ಎಂದು ಹೊಡೆದಿದ್ದರು.

ಇಂಥ ತಪ್ಪು ನಿರುಪದ್ರವಿಯಲ್ಲ. ಝಕಾತ್ ಖಾತೆಯಲ್ಲಿ ₹10,000 ಎರಡು ಸಲ ಕುಳಿತರೆ, ಇಲ್ಲದ ಹಣವನ್ನು ನಂಬಿ ನಾವು ಇನ್ನೊಂದು ಮಗುವಿಗೆ ಮಾತು ಕೊಡುತ್ತೇವೆ. ದಾನಿಗೂ ತೊಂದರೆ. ಆ ವರ್ಷದ ನಿಯಮದಂತೆ 80ಜಿ ನೋಂದಣಿ ಇರುವ ಸಂಸ್ಥೆ ಪ್ರತಿ ದಾನಿಯ ಲೆಕ್ಕವನ್ನು ಮೇ 31ರೊಳಗೆ 10ಬಿಡಿ ನಮೂನೆಯಲ್ಲಿ ಆದಾಯ ತೆರಿಗೆ ಇಲಾಖೆಗೆ ಒಪ್ಪಿಸಬೇಕು. ಅದರ ಆಧಾರದ ಮೇಲೆಯೇ ದಾನಿಗೆ 10ಬಿಇ ಪ್ರಮಾಣಪತ್ರ ಸಿಗುವುದು. ನಾವು ₹20,000 ಎಂದು ಬರೆದು, ದಾನಿಯ ಪಾಸ್‌ಬುಕ್ಕಿನಲ್ಲಿ ₹10,000 ಮಾತ್ರ ಇದ್ದರೆ ಉತ್ತರ ಕೊಡಬೇಕಾದವರು ಅವರು. ತಿದ್ದುಪಡಿ ಮಾಡಿ ಮತ್ತೆ ಸಲ್ಲಿಸುವ ದಾರಿ ಇದೆಯಾದರೂ, ಅಷ್ಟರಲ್ಲಿ ಒಬ್ಬ ಸಜ್ಜನರ ಹೆಸರಿಗೆ ಅನುಮಾನ ತಟ್ಟಿರುತ್ತದೆ.

ಇಲ್ಲಿಯವರೆಗಿನದು ಸುಲಭದ ಭಾಗ. ವ್ಯತ್ಯಾಸ ಕಂಡಿತು, ಹುಡುಕಿದೆವು, ಸಿಕ್ಕಿತು. ಕಮಲಾಪುರದ ವಿಷಯದಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಹುಮನಾಬಾದ್ ರಸ್ತೆಯ ಕಮಲಾಪುರ ಕೆಂಪು ಬಾಳೆಯಿಂದ ಹೆಸರಾದ ಊರು. ಅಲ್ಲಿಯ ಒಂದು ಮನೆಯ ಇಬ್ಬರು ಅಕ್ಕತಂಗಿಯರಿಗೆ ನಮ್ಮ ವಿದ್ಯಾರ್ಥಿವೇತನವಿದೆ. ದೊಡ್ಡವಳು ಕಲಬುರಗಿಯಲ್ಲಿ ಪದವಿ ಮೊದಲ ವರ್ಷ, ಚಿಕ್ಕವಳು ಪಿಯುಸಿ. ಇಬ್ಬರಿಗೂ ಎರಡನೇ ಕಂತು ತಲಾ ₹6,000. ಇಬ್ಬರ ಅರ್ಜಿಯಲ್ಲೂ ತಾಯಿಯ ಬ್ಯಾಂಕ್ ಖಾತೆಯನ್ನೇ ಕೊಟ್ಟಿದ್ದರು. ಟ್ರಸ್ಟಿನ ನೆಟ್ ಬ್ಯಾಂಕಿಂಗ್‌ನಲ್ಲಿ ಒಬ್ಬರು ಪಾವತಿ ತಯಾರಿಸಬೇಕು, ಇನ್ನೊಬ್ಬರು ಒಪ್ಪಿಗೆ ಕೊಡಬೇಕು. ಜನವರಿಯಲ್ಲಿ ಒಪ್ಪಿಗೆ ಕೊಡುವವರ ಮುಂದೆ ಒಂದೇ ದಿನ, ಒಂದೇ ಖಾತೆಗೆ, ಒಂದೇ ಮೊತ್ತದ ಎರಡು ಸಾಲು ಬಂದವು. ಹುಡುಗ ತಪ್ಪಿ ಎರಡು ಸಲ ಒತ್ತಿದ್ದಾನೆ ಎಂದುಕೊಂಡು ಅವರು ಒಂದಕ್ಕೆ ಮಾತ್ರ ಒಪ್ಪಿಗೆ ಕೊಟ್ಟರು. ಇನ್ನೊಂದು ಕೆಲವು ದಿನ ಕಾದು ರದ್ದಾಯಿತು.

ತಿಂಗಳ ಕೊನೆಗೆ ತಾಳೆ ನೋಡಲು ಕುಳಿತದ್ದು ನಾವು. ಪುಸ್ತಕದಲ್ಲಿ ₹6,000 ಎರಡು ಸಲ, ಬ್ಯಾಂಕಿನಲ್ಲಿ ಒಂದೇ ಸಲ. ಜೋಡಿ ನಮೂದು ಎಂದು ಒಂದನ್ನು ಅಳಿಸಿದೆವು. ಶಿಲ್ಕು ಪೈಸೆಗೆ ಪೈಸೆ ಕೂಡಿತು. ಅಂದು ಸಂಜೆ ಖುಷಿಯಿಂದ ಚಹಾ ಕುಡಿದದ್ದು ಈಗಲೂ ನೆನಪಿದೆ, ನಾಚಿಕೆಯಾಗುತ್ತದೆ.

ಮೂರು ವಾರವಾದ ಮೇಲೆ ಬೇರೇನೋ ಕೆಲಸಕ್ಕೆ ಆ ತಾಯಿಗೆ ಫೋನ್ ಮಾಡಿದಾಗ, ಮಾತು ಮುಗಿಯುವ ಹೊತ್ತಿಗೆ ಅವರು ಮೆಲ್ಲಗೆ ಕೇಳಿದರು: “ದೊಡ್ಡಾಕಿದು ಬಂದದ್ರಿ ಸರ್. ಸಣ್ಣಾಕಿದು ಬಂದಿಲ್ರಿ. ಮಾರ್ಕ್ಸ್ ಕಡಿಮಿ ಬಿದ್ದಾವಂತ ನೀವೇ ನಿಲ್ಸೀರಿ ಅಂದ್ಕೊಂಡೇವ್ರಿ.” ಅಷ್ಟು ದಿನ ಆ ಹುಡುಗಿ ತನ್ನ ಅಂಕವೇ ಇದಕ್ಕೆ ಕಾರಣ ಎಂದುಕೊಂಡಿದ್ದಳು. ಪರೀಕ್ಷೆ ಹತ್ತಿರವಿತ್ತು. ತಾಯಿ ಬೇರೆಯವರಲ್ಲಿ ಕೈಗಡ ತಂದು ಫೀಸು ತುಂಬಿದ್ದರು. ಅದೇ ದಿನ ಹಣ ಕಳುಹಿಸಿದೆವು. ಅಂಕಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹುಡುಗಿಯೊಂದಿಗೇ ಮಾತನಾಡಿ ಹೇಳಿದೆವು. ಹಣ ತಲುಪಿಸುವುದಕ್ಕಿಂತ ಆ ಮಾತು ಆಡುವುದು ಕಷ್ಟವಾಯಿತು.

ಒಪ್ಪಿಗೆ ಕೊಡುವವರು ಒಂದು ತಪ್ಪು ಮಾಡಿದರು, ತಾಳೆ ನೋಡುವವರು ಇನ್ನೊಂದು. ಎರಡೂ ಒಂದೇ ದಿಕ್ಕಿನವು, ಆದ್ದರಿಂದ ಲೆಕ್ಕ ಕೂಡಿತು. ಶಿಲ್ಕು ಕೂಡಿದ ಮಾತ್ರಕ್ಕೆ ಲೆಕ್ಕ ಸರಿಯಾಗಿದೆ ಎನ್ನುವಂತಿಲ್ಲ. ಇದಕ್ಕೆ ಇನ್ನೊಂದು ಉದಾಹರಣೆಯೂ ನಮ್ಮಲ್ಲೇ ಸಿಕ್ಕಿತು. ನಮ್ಮ ಒಂದು ಖಾತೆಯಿಂದ ಇನ್ನೊಂದಕ್ಕೆ ₹50,000 ವರ್ಗಾಯಿಸಿದ್ದು ಒಂದು ಸ್ಟೇಟ್‌ಮೆಂಟಿನಲ್ಲಿ ಖರ್ಚಾಗಿಯೂ ಇನ್ನೊಂದರಲ್ಲಿ ದೇಣಿಗೆಯಾಗಿಯೂ ನಮೂದಾಗಿತ್ತು. ಎರಡು ಖಾತೆಗಳ ಶಿಲ್ಕೂ ಸರಿ. ಆದರೆ ಬಾರದ ದೇಣಿಗೆ ಬಂದಂತೆ, ಆಗದ ಖರ್ಚು ಆದಂತೆ ವರದಿ ತಯಾರಾಗುತ್ತಿತ್ತು. ಅದು ಕಾಂಟ್ರಾ ವೋಚರಿನಲ್ಲಿ ಒಂದೇ ಸಲ ಬರೆಯಬೇಕಾದ ನಮೂದು.

ಹಾಗಾದರೆ ನಿಜವಾದ ಜೋಡಿಯನ್ನು ಗುರುತಿಸುವುದು ಹೇಗೆ? ಮೊತ್ತ, ತಾರೀಖು, ಹೆಸರು ಈ ಮೂರನ್ನೂ ಅನುಮಾನ ಹುಟ್ಟಿಸುವುದಕ್ಕಷ್ಟೇ ಬಳಸಬೇಕು. ತೀರ್ಮಾನ ವ್ಯವಹಾರ ಸಂಖ್ಯೆಯದು. ಯುಪಿಐಯಲ್ಲಿ 12 ಅಂಕಿಯ ಸಂಖ್ಯೆ ಇರುತ್ತದೆ. ನೆಫ್ಟ್‌ನ ಯುಟಿಆರ್ 16 ಅಕ್ಷರ-ಅಂಕಿಗಳದ್ದು, ಆರ್‌ಟಿಜಿಎಸ್‌ನದು 22. ಸಂಖ್ಯೆ ಒಂದೇ ಆಗಿದ್ದರೆ ಒಂದೇ ಹಣ. ಸಂಖ್ಯೆ ಬೇರೆಯಾಗಿದ್ದರೆ, ಉಳಿದದ್ದೆಲ್ಲ ಒಂದೇ ಇದ್ದರೂ ಅದು ಎರಡು ಹಣ.

ರಂಜಾನಿನಲ್ಲಿ ಒಬ್ಬ ಹಿರಿಯರು ಕ್ಯೂಆರ್ ಚೀಟಿಗೆ ಫೋನ್ ಹಿಡಿದು ₹2,000 ಕಳುಹಿಸಿದರು. ನೆಟ್‌ವರ್ಕ್ ನಿಂತಿತು. ಹೋಗಲಿಲ್ಲವೆಂದು ಮತ್ತೆ ಕಳುಹಿಸಿದರು. ನಮಗೆ ಎರಡೂ ಬಂದವು, ಸಂಖ್ಯೆ ಬೇರೆ ಬೇರೆ. ಕಂಪ್ಯೂಟರಿನಲ್ಲಿ ಒಂದನ್ನು ಅಳಿಸಿದ್ದರೆ ಅವರ ₹2,000 ಲೆಕ್ಕವಿಲ್ಲದ ಹಣವಾಗುತ್ತಿತ್ತು. ಫೋನ್ ಮಾಡಿ ಕೇಳಿದೆವು. “ಮೊದಲನೇದು ಝಕಾತ್, ಎರಡನೇದು ಸಾದಾ ದೇಣಿಗೆ ಅಂತ ಬರಕೋರಿ” ಎಂದರು. ನಿಯ್ಯತ್ತು ಅವರದು, ಅದನ್ನು ನಾವು ಊಹಿಸಿ ಬರೆಯುವಂತಿಲ್ಲ.

ಇನ್ನೊಂದು ಬಗೆಯೂ ಉಂಟು. ಕಳುಹಿಸಿದವರ ಖಾತೆಯಿಂದ ಹಣ ಕಡಿತವಾಗಿ, ಸೇರಬೇಕಾದಲ್ಲಿ ಸೇರದೆ ಮರಳಿ ಬರುವುದು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಯುಪಿಐ ಹಣ ಹೀಗಾದರೆ ಮರುದಿನದೊಳಗೆ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕು. ಆದ್ದರಿಂದ ಹಣ ಹೋಯಿತೋ ಇಲ್ಲವೋ ಎಂಬ ಗೊಂದಲವಿದ್ದಾಗ ಕೂಡಲೇ ಎರಡನೇ ಸಲ ಒತ್ತಬೇಡಿ, ಒಂದು ದಿನ ಕಾಯಿರಿ. ಟ್ರಸ್ಟಿನ ಖಾತೆಯಲ್ಲಿ ಹಾಗೆ ಹೋಗಿ ಬಂದ ಎರಡೂ ಸಾಲುಗಳನ್ನು ನಾವು ಬರೆದಿಡುತ್ತೇವೆ, ಎರಡನ್ನೂ ಅಳಿಸಿ ‘ಸರಿಹೋಯಿತು’ ಎನ್ನುವುದಿಲ್ಲ.

ಮೊದಲು ನಾವು ಜೋಡಿ ಕಂಡರೆ ನಮೂದನ್ನು ಅಳಿಸಿಬಿಡುತ್ತಿದ್ದೆವು. ಟ್ಯಾಲಿಯಲ್ಲಿ ವೋಚರನ್ನು ಅಳಿಸುವುದು ಬೇರೆ, ರದ್ದು ಮಾಡುವುದು ಬೇರೆ. ರದ್ದು ಮಾಡಿದರೆ ಮೊತ್ತ ಹೋಗುತ್ತದೆ, ವೋಚರ್ ಸಂಖ್ಯೆ ಉಳಿಯುತ್ತದೆ. ಹಳೆಯ ರಸೀದಿ ಪುಸ್ತಕದಲ್ಲಿ ಕೆಟ್ಟ ಹಾಳೆಯನ್ನು ಹರಿಯದೆ ಅಡ್ಡಗೆರೆ ಎಳೆದು ಇಡುತ್ತಿದ್ದೆವಲ್ಲ, ಹಾಗೆ. ಈಗ ರದ್ದು ಮಾಡುತ್ತೇವೆ, ಏಕೆ ಎಂದು ವಿವರಣೆಯಲ್ಲಿ ಬರೆಯುತ್ತೇವೆ, ರಸೀದಿ ಸಂಖ್ಯೆ ಇರುವ ನಮೂದನ್ನು ಉಳಿಸಿಕೊಳ್ಳುತ್ತೇವೆ. ವಿದ್ಯಾರ್ಥಿವೇತನದ ಸಾಲಾದರೆ ಆ ಮನೆಗೆ ಫೋನ್ ಮಾಡದೆ ಮುಟ್ಟುವುದಿಲ್ಲ. ಪಾವತಿಯ ಪ್ರತಿ ಸಾಲಿನಲ್ಲೂ ವಿದ್ಯಾರ್ಥಿಯ ಅರ್ಜಿ ಸಂಖ್ಯೆ ಇರಲೇಬೇಕು.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟು. ಸಾಧ್ಯವಾದರೆ ಪ್ರತಿ ಮಗುವಿಗೂ ಬೇರೆ ಖಾತೆ ತೆರೆಸಿ. 10 ವರ್ಷ ದಾಟಿದ ಮಕ್ಕಳು ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕಿನ ಅನುಮತಿಯಿದೆ; ಷರತ್ತುಗಳನ್ನು ನಿಮ್ಮ ಬ್ಯಾಂಕಿನಲ್ಲಿ ಕೇಳಿ. ಕಂತು ಬಾರದಿದ್ದರೆ ಸಂಕೋಚಪಡದೆ ವಾರದೊಳಗೆ ಕೇಳಿ. ಟ್ರಸ್ಟ್ ಸಹಾಯ ನಿಲ್ಲಿಸುವುದಾದರೆ ಪತ್ರ ಬರೆದೇ ನಿಲ್ಲಿಸುತ್ತದೆ. ಪತ್ರ ಬಂದಿಲ್ಲವೆಂದರೆ ತಪ್ಪು ನಮ್ಮ ಕಡೆಯದೇ ಇರಬಹುದು. ದಾನಿಗಳು ಹಣ ಕಳುಹಿಸಿದ ಮೇಲೆ ಫೋನಿನ ಪರದೆಯ ಚಿತ್ರದ ಜೊತೆ ಝಕಾತೋ ಸದಕಾವೋ ಎಂಬ ಒಂದು ಮಾತು ಕಳುಹಿಸಿದರೆ ಸಾಕು.

ವರದಿ ಅಚ್ಚಿಗೆ ಹೋಗುವ ಹೊತ್ತಿಗೆ ಒಂದು ಜೋಡಿ ಮಾತ್ರ ಬಿಡಿಸದೆ ಉಳಿದಿದೆ. 2025ರ ಮಾರ್ಚ್ 28, ಶುಕ್ರವಾರ, ಕಮಲಾಪುರದ ಶಾಖೆಯಲ್ಲಿ ನಮ್ಮ ಖಾತೆಗೆ ₹1,100 ನಗದು ಎರಡು ಸಲ ಜಮೆಯಾಗಿದೆ. ಕಟ್ಟಿದವರ ಹೆಸರಿಲ್ಲ. ಇಬ್ಬರು ಕಟ್ಟಿದ್ದೋ, ಒಬ್ಬರೇ ಎರಡು ಸಲ ಕಟ್ಟಿದ್ದೋ, ಯಾವ ಬಾಬ್ತೋ ತಿಳಿಯದು. ಎರಡನ್ನೂ ಸಸ್ಪೆನ್ಸ್ ಖಾತೆಯಲ್ಲಿ ಬೇರೆ ಬೇರೆಯಾಗಿಯೇ ಇಟ್ಟಿದ್ದೇವೆ. ಕಟ್ಟಿದವರು ಚಲನ್ನಿನ ಪ್ರತಿಯೊಂದಿಗೆ ಕಚೇರಿಗೆ ಬಂದರೆ ರಸೀದಿ ಬರೆದು ಕೊಡುತ್ತೇವೆ.