ಮಂದಮಾರುತದಲ್ಲಿ ಹಾಯಿದೋಣಿ

ಸುಗ್ಗಿಯ ಕಾಲದಲ್ಲಿ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಂತಹ ಊರಿನ ಕಣದ ಬಳಿ ಒಂದು ಬೆಳಗ್ಗೆ ನಿಂತು ನೋಡಿದವರಿಗೆ ಗಾಳಿಯ ಬೆಲೆ ತಿಳಿಯುತ್ತದೆ. ಒಕ್ಕಣೆ ಮುಗಿದು ರಾಗಿಯ ರಾಶಿ ಬಿದ್ದಿದೆ. ತೂರಲೆಂದು ಮೊರವನ್ನು ಎತ್ತಿದ ಹೆಂಗಸು ಕೈಯನ್ನು ಹಾಗೆಯೇ ನಿಲ್ಲಿಸಿ ಮೂಡಣ ದಿಕ್ಕಿಗೆ ಮುಖ ತಿರುಗಿಸುತ್ತಾಳೆ. ಒಂದು ಹಿಡಿ ಹೊಟ್ಟನ್ನು ಬೆರಳ ಸಂದಿನಿಂದ ಉದುರಿಸಿ ಅದು ಎತ್ತ ಬಾಗುವುದೆಂದು ನೋಡುತ್ತಾಳೆ. ಹೊಟ್ಟು ನೇರವಾಗಿ ಕಾಲ ಬಳಿಯೇ ಬೀಳುತ್ತದೆ. “ತಡಿ ಕಣವ್ವ, ಗಾಳಿ ಬತ್ತದೆ” ಎಂದು ಪಕ್ಕದವಳಿಗೆ ಹೇಳಿ ಸುಮ್ಮನೆ ನಿಲ್ಲುತ್ತಾಳೆ. ಗಾಳಿ ಬರುವ ಮೊದಲೇ ತೂರಿದರೆ ಹೊಟ್ಟು ಕಾಳಿನ ಮೇಲೆಯೇ ಬೀಳುವುದು. ಬಂದಾಗ ಕೈ ಸಿದ್ಧವಾಗಿಲ್ಲದಿದ್ದರೆ ಬಂದ ಗಾಳಿ ವ್ಯರ್ಥವಾಗುವುದು. ಈಗ ಒಕ್ಕಣೆಯ ಯಂತ್ರಗಳು ಬಂದಿವೆ. ಕಣದ ಕೆಲಸವನ್ನು ಡಾಂಬರು ರಸ್ತೆಗೆ ಸಾಗಿಸಿದವರೂ ಉಂಟು. ಆದರೂ ಗಾಳಿಗಾಗಿ ಕಾಯುವ ಆ ಭಂಗಿಯನ್ನು ನಮ್ಮ ಕಡೆಯವರು ಇನ್ನೂ ಮರೆತಿಲ್ಲ.

ಅದೇ ಭಂಗಿಯನ್ನು ನೀರಿನ ಮೇಲೆ ಕಾಣಬೇಕಾದರೆ ಹಾಯಿದೋಣಿಯ ಪಂದ್ಯವನ್ನು ನೋಡಬೇಕು. ಮಂಡ್ಯದ ಸೀಮೆಗೆ ಕಡಲಿಲ್ಲ, ನಿಜ. ಆದರೆ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಗದ್ದೆಗಳಿಗೆ ನೀರುಣಿಸುವ ವಿಶ್ವೇಶ್ವರಯ್ಯ ನಾಲೆ ಹೊರಡುವ ಕೃಷ್ಣರಾಜಸಾಗರದ ವಿಸ್ತಾರವಾದ ಹಿನ್ನೀರಿನಲ್ಲಿ ಹಾಯಿದೋಣಿಗಳು ಓಡಾಡಿದ್ದುಂಟು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಸೈನಿಕರು ಈ ವಿದ್ಯೆಯನ್ನು ಅಭ್ಯಾಸ ಮಾಡಿದ್ದಾರೆ. ಒಳನಾಡಿನ ನೀರಿನಲ್ಲಿ ಗಾಳಿ ಒಂದೇ ಸಮನೆ ಬೀಸುವುದು ಅಪರೂಪ. ದಡದ ಮರ, ದಿಬ್ಬ, ಕಟ್ಟೆ ಎಲ್ಲವೂ ಅದನ್ನು ತಡೆಯುತ್ತವೆ, ತಿರುಗಿಸುತ್ತವೆ. ಆದ್ದರಿಂದ ಇಲ್ಲಿ ಕಲಿತವನಿಗೆ ಮಂದಮಾರುತವೇ ಮೊದಲ ಗುರು.

ಹಾಯಿದೋಣಿ ಗಾಳಿ ಬೀಸಿದ ಕಡೆಗೆ ಸಾಗುವುದು ಸಹಜ. ಆದರೆ ಗಾಳಿ ಬರುವ ದಿಕ್ಕಿಗೇ ಅದು ಹೋಗುವುದು ಹೇಗೆ? ನೇರವಾಗಿ ಹೋಗಲಾರದು. ಕಡಿದಾದ ಏರಿನಲ್ಲಿ ಭಾರದ ಗಾಡಿಯನ್ನು ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊಡೆದು ಹತ್ತಿಸುವಂತೆ, ದೋಣಿಯನ್ನೂ ಗಾಳಿಗೆ ಸುಮಾರು 45 ಅಂಶಗಳಷ್ಟು ಓರೆಯಾಗಿ ನಡೆಸುತ್ತ, ಆಗಾಗ ಮಗ್ಗುಲು ಬದಲಿಸುತ್ತ ಮೇಲಕ್ಕೆ ಒಯ್ಯಬೇಕು. ಮಗ್ಗುಲು ಬದಲಿಸುವಾಗಲೆಲ್ಲ ಹಾಯಿ ಒಂದು ಕ್ಷಣ ಸತ್ತಂತಾಗಿ ಬಡಿದಾಡುತ್ತದೆ, ವೇಗ ಕುಸಿಯುತ್ತದೆ.

ಸಾಮಾನ್ಯ ಪಂದ್ಯಗಳಲ್ಲಿ ಹತ್ತಾರು ದೋಣಿಗಳು ಒಟ್ಟಿಗೆ ಹೊರಡುತ್ತವೆ. ಮ್ಯಾಚ್ ರೇಸಿಂಗ್ ಎಂಬ ಬಗೆಯಲ್ಲಿ ಮಾತ್ರ ಎರಡೇ ದೋಣಿಗಳು. ಎರಡೂ ಒಂದೇ ಅಚ್ಚಿನವು. ಗೆಲುವು ಓಡಿಸುವವರದೇ ಹೊರತು ದೋಣಿಯದಲ್ಲ. ಹೊರಡುವ ಸೂಚನೆಗೆ ನಾಲ್ಕು ನಿಮಿಷ ಮುಂಚಿನಿಂದಲೇ ಇವು ಎದುರುಬದುರಿನ ತುದಿಗಳಿಂದ ಒಳಬಂದು ಒಂದನ್ನೊಂದು ಸುತ್ತತೊಡಗುತ್ತವೆ. ಎಡಬದಿಯಿಂದ ಗಾಳಿ ಪಡೆದು ಸಾಗುವ ದೋಣಿ, ಬಲಬದಿಯಿಂದ ಗಾಳಿ ಪಡೆದ ದೋಣಿಗೆ ದಾರಿ ಬಿಡಬೇಕೆಂಬುದು ನಿಯಮ. ಎದುರಾಳಿಯನ್ನು ಈ ನಿಯಮದ ಇಕ್ಕಟ್ಟಿಗೆ ಸಿಕ್ಕಿಸಿ ತಪ್ಪು ಮಾಡಿಸುವುದೇ ಮೊದಲ ನಾಲ್ಕು ನಿಮಿಷಗಳ ಹೋರಾಟ. ಹಿಂದೆಯೇ ಇನ್ನೊಂದು ದೋಣಿಯಲ್ಲಿ ಅಂಪೈರರು ಬರುತ್ತಾರೆ. ತಪ್ಪಿತಸ್ಥ ದೋಣಿಯ ಬಣ್ಣದ ಬಾವುಟವನ್ನು ಅವರು ಎತ್ತಿದರೆ ಆ ದೋಣಿ ಪಂದ್ಯ ಮುಗಿಯುವುದರೊಳಗೆ ದಂಡವಾಗಿ ಒಂದು ಹೆಚ್ಚುವರಿ ಸುತ್ತು ತಿರುಗಬೇಕು. ಇಲ್ಲಿ ಎರಡನೆಯ ಸ್ಥಾನವೆಂಬುದೇ ಇಲ್ಲ. ಗೆಲುವು, ಇಲ್ಲವೇ ಸೋಲು.

ಇನ್ನು ಗಾಳಿ ಮಂದವಾದಾಗಿನ ಮಾತು. ಗಾಳಿಯ ವೇಗ ಅರ್ಧಕ್ಕಿಳಿದರೆ ಹಾಯಿಯ ಮೇಲಿನ ಒತ್ತಡವೂ ಅರ್ಧವಾಗುವುದೆಂದು ನಾವು ಭಾವಿಸಬಹುದು. ಹಾಗಲ್ಲ, ಅದು ಸುಮಾರು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಎಂಟು ನಾಟ್ ಇದ್ದ ಗಾಳಿ ನಾಲ್ಕಾದಾಗ ದೋಣಿಯ ಬಲದ ಮುಕ್ಕಾಲು ಪಾಲು ಹೋಯಿತೆಂದೇ ಲೆಕ್ಕ. ಉಳಿದ ಕಾಲು ಪಾಲನ್ನು ಜೋಪಾನ ಮಾಡುವುದರಲ್ಲಿದೆ ಈ ಆಟದ ಕಷ್ಟವೆಲ್ಲ.

ಮೊದಲನೆಯದಾಗಿ, ದೋಣಿಯಲ್ಲಿರುವವರು ಅಲುಗಬಾರದು. ಬಲವಾದ ಗಾಳಿಯಲ್ಲಿ ಅವರು ಗಾಳಿ ಬರುವ ಬದಿಯ ಅಂಚಿಗೆ ಹೋಗಿ, ಮೈಯನ್ನು ಹೊರಕ್ಕೆ ಚಾಚಿ ದೋಣಿಯನ್ನು ನೆಟ್ಟಗಿರಿಸುತ್ತಾರೆ. ಮಂದ ಗಾಳಿಯಲ್ಲಿ ಇದಕ್ಕೆ ತದ್ವಿರುದ್ಧ. ಅವರು ಇನ್ನೊಂದು ಬದಿಗೆ ಸರಿದು ಕುಳಿತು ದೋಣಿಯನ್ನು ತುಸು ವಾಲಿಸುತ್ತಾರೆ. ಆಗ ಹಾಯಿ ತನ್ನ ಭಾರದಿಂದಲೇ ಜೋತುಬಿದ್ದು ತನಗೆ ಬೇಕಾದ ಉಬ್ಬನ್ನು ಪಡೆಯುತ್ತದೆ. ದೋಣಿಯ ಹೊಟ್ಟೆ ನೀರಿಗೆ ತಗಲುವ ಪ್ರದೇಶವೂ ಕಡಮೆಯಾಗುತ್ತದೆ. ಒಬ್ಬಳು ಥಟ್ಟನೆ ಎದ್ದರೆ ಸಾಕು, ದೋಣಿ ಓಲಾಡಿ ಹಾಯಿಯಲ್ಲಿದ್ದ ಗಾಳಿಯೆಲ್ಲ ಚೆಲ್ಲಿಹೋಗುತ್ತದೆ. ತುಂಬಿದ ಬಿಂದಿಗೆಯನ್ನು ತಲೆಯ ಮೇಲೆ ಹೊತ್ತವರು ನಡೆಯುವ ಹಾಗೆ ಅವರು ಚಲಿಸಬೇಕು. ಬೇಕೆಂದೇ ದೋಣಿಯನ್ನು ತೂಗಾಡಿಸಿ, ಚುಕ್ಕಾಣಿಯನ್ನು ಹುಟ್ಟಿನಂತೆ ಆಡಿಸಿ ಮುಂದೆ ಸಾಗುವುದನ್ನು ನಿಯಮ ಒಪ್ಪುವುದಿಲ್ಲ. ಚುಕ್ಕಾಣಿಯನ್ನು ತಿರುಗಿಸಿದಷ್ಟೂ ಅದು ನೀರಿಗೆ ಅಡ್ಡವಾಗಿ ವೇಗವನ್ನು ತಿನ್ನುತ್ತದೆ. ಹಿಡಿದವಳ ಬೆರಳುಗಳು ಅದರ ಮೇಲೆ ಇದ್ದೂ ಇಲ್ಲದಂತಿರಬೇಕು.

ಎರಡನೆಯದು ನೀರನ್ನು ಓದುವ ವಿದ್ಯೆ. ಗಾಳಿ ಕಣ್ಣಿಗೆ ಕಾಣದು, ಆದರೆ ಅದು ನೀರಿನ ಮೇಲೆ ಗುರುತು ಬಿಡುತ್ತದೆ. ಗಾಳಿ ತಾಕಿದ ಕಡೆ ಸಣ್ಣ ತೆರೆಗಳೆದ್ದು ನೀರು ಕಪ್ಪಾಗಿ ಕಾಣುತ್ತದೆ. ಗಾಳಿಯಿಲ್ಲದ ಕಡೆ ಕನ್ನಡಿಯಂತೆ ಹೊಳೆಯುತ್ತದೆ. ತಂಡದಲ್ಲಿ ಒಬ್ಬಳ ಕಣ್ಣು ಸದಾ ದೂರದ ಆ ಕಪ್ಪು ಮಚ್ಚೆಗಳ ಮೇಲಿರುತ್ತದೆ. ಅದು ಇತ್ತ ಬರುತ್ತಿದೆಯೆ, ಅತ್ತ ಸರಿಯುತ್ತಿದೆಯೆ, ತಲುಪಲು ಎಷ್ಟು ಹೊತ್ತಾಗುತ್ತದೆ ಎಂಬುದನ್ನು ಮೆಲುದನಿಯಲ್ಲಿ ಹೇಳುತ್ತಿರುತ್ತಾಳೆ. ಅಲ್ಲಿಗೆ ಹೋಗಬೇಕೆಂದರೆ ಮಗ್ಗುಲು ಬದಲಿಸಬೇಕು. ಬದಲಿಸಿದರೆ ಇರುವ ವೇಗ ಹೋಗುತ್ತದೆ. ಬದಲಿಸದಿದ್ದರೆ ಗಾಳಿಯನ್ನು ಎದುರಾಳಿ ಪಡೆಯಬಹುದು. ಈ ಸಂದಿಗ್ಧವನ್ನು ಕೆಲವು ಕ್ಷಣಗಳಲ್ಲಿ ಬಿಡಿಸಿಕೊಳ್ಳಬೇಕು.

ಇದರ ಜೊತೆಗೆ ಎದುರಾಳಿಯ ಕಾಟ ಬೇರೆ. ಗಾಳಿಯತ್ತ ಏರುವಾಗ ಮುಂದಿರುವ ದೋಣಿ ಹಿಂದಿನ ದೋಣಿಗೆ ಗಾಳಿಯನ್ನು ಮರೆಮಾಡುತ್ತದೆ. ಆದರೆ ಮೇಲಿನ ಗುರುತನ್ನು ಸುತ್ತಿ ಗಾಳಿಯೊಡನೆ ಕೆಳಕ್ಕೆ ಇಳಿಯುವಾಗ ಆಟ ತಲೆಕೆಳಗಾಗುತ್ತದೆ. ಈಗ ಗಾಳಿ ಮೊದಲು ಮುಟ್ಟುವುದು ಹಿಂದಿರುವವರನ್ನು. ಅವರು ಉಬ್ಬಿದ ಹಾಯಿಯನ್ನು ನೇರ ಹಿಂದೆ ತಂದು ನಿಲ್ಲಿಸಿದರೆ ಮುಂದಿನವರ ಹಾಯಿ ಬಟ್ಟೆಯಂತೆ ಜೋಲುತ್ತದೆ. ಅರ್ಧ ಗಂಟೆ ಸಂಪಾದಿಸಿದ ಮುನ್ನಡೆ ಹೀಗೆ ಸದ್ದಿಲ್ಲದೆ ಕರಗಿಹೋಗುವುದುಂಟು. ದಡದಲ್ಲಿ ನಿಂತವರಿಗೆ ಎರಡು ದೋಣಿಗಳು ನಿದ್ರಿಸುತ್ತಿರುವಂತೆ ಕಾಣುತ್ತದೆ.

ಬಲವಾದ ಗಾಳಿಯಲ್ಲಿ ಹೀಗಿಲ್ಲ. ಅಲ್ಲಿ ತಪ್ಪು ಎಲ್ಲರಿಗೂ ಕಾಣುತ್ತದೆ. ಮಹಿಳೆಯರ ಮ್ಯಾಚ್ ರೇಸಿಂಗ್ ಒಲಿಂಪಿಕ್ಸಿನಲ್ಲಿ ಸ್ಥಾನ ಪಡೆದುದು 2012ರಲ್ಲಿ, ಲಂಡನ್ ಕ್ರೀಡಾಕೂಟದಲ್ಲಿ. ಇಂಗ್ಲೆಂಡಿನ ದಕ್ಷಿಣ ತೀರದ ವೇಮತ್‌ನಲ್ಲಿ 12 ದೇಶಗಳ ತಂಡಗಳು ಎಲಿಯಟ್ ಎಂಬ, ಆರು ಮೀಟರ್ ಉದ್ದದ ದೋಣಿಗಳಲ್ಲಿ ಸೆಣಸಿದುವು. ತಂಡಕ್ಕೆ ಮೂವರು. ಅಂತಿಮ ಹಣಾಹಣಿ ಸ್ಪೇನಿಗೂ ಆಸ್ಟ್ರೇಲಿಯಾಕ್ಕೂ. ಅಂದು ಗಾಳಿಯೂ ಅಲೆಯೂ ಜೋರಾಗಿದ್ದುವು. ಒಂದು ಸ್ಪರ್ಧೆಯಲ್ಲಿ ಆಸ್ಟ್ರೇಲಿಯಾದ ನಾಯಕಿ, 20 ವರ್ಷದ ಒಲಿವಿಯಾ ಪ್ರೈಸ್, ದೋಣಿಯಿಂದ ಹೊರಕ್ಕೆ ಬಿದ್ದಳು. ಜೊತೆಗಾತಿಯರಾದ ನೀನಾ ಕರ್ಟಿಸ್, ಲೂಸಿಂಡಾ ವಿಟ್ಟಿ ಆಕೆಯನ್ನು ನೀರಿನಿಂದ ಎತ್ತಿಕೊಳ್ಳುವಷ್ಟರಲ್ಲಿ ಸ್ಪೇನಿನವರು ಬಹುದೂರ ಹೋಗಿದ್ದರು. ಆಸ್ಟ್ರೇಲಿಯಾ ಎದೆಗುಂದದೆ ಸರಣಿಯನ್ನು ಕೊನೆಯ ಸ್ಪರ್ಧೆಯವರೆಗೂ ಎಳೆದರೂ, ತಮಾರಾ ಎಚೆಗೋಯೆನ್, ಸೋಫಿಯಾ ತೋರೊ, ಆಂಖೆಲಾ ಪುಮಾರಿಯೆಗಾ ಇವರ ಸ್ಪೇನ್ ತಂಡ 3-2ರಿಂದ ಚಿನ್ನವನ್ನು ಗೆದ್ದಿತು. ಕಂಚು ಫಿನ್ಲೆಂಡಿಗೆ. ಆ ಒಂದು ಕೂಟದ ಬಳಿಕ ಮಹಿಳೆಯರ ಮ್ಯಾಚ್ ರೇಸಿಂಗನ್ನು ಒಲಿಂಪಿಕ್ಸಿನಿಂದ ಕೈಬಿಟ್ಟರು. ಬೇರೆ ಕಡೆ ಅದು ಉಳಿದಿದೆಯಾದರೂ, ಇಷ್ಟು ಸೊಗಸಾದ ಆಟಕ್ಕೆ ಇನ್ನೊಂದು ಅವಕಾಶ ಸಿಗಬೇಕಿತ್ತೆಂದು ಅನ್ನಿಸದಿರದು.

ನಮ್ಮ ದೇಶದ ಹೆಣ್ಣುಮಕ್ಕಳೂ ಹಾಯಿ ಹಿಡಿದಿದ್ದಾರೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವರ್ಷಾ ಗೌತಮ್ ಮತ್ತು ಶ್ವೇತಾ ಶೇರ್ವೇಗಾರ್ ಇಬ್ಬರು ನಡೆಸುವ ದೋಣಿಯಲ್ಲಿ ಬೆಳ್ಳಿ ಗೆದ್ದರು. ಚೆನ್ನೈನ ನೇತ್ರಾ ಕುಮನನ್ ಒಲಿಂಪಿಕ್ಸಿನ ಹಾಯಿದೋಣಿ ಪಂದ್ಯಕ್ಕೆ ಅರ್ಹತೆ ಪಡೆದ ಮೊದಲ ಭಾರತೀಯ ಮಹಿಳೆ. ಆಕೆಯದು ಒಬ್ಬಳೇ ನಡೆಸುವ ದೋಣಿ. ಹಾಯಿ, ಚುಕ್ಕಾಣಿ, ನೀರಿನ ಓದು ಮೂರೂ ಒಬ್ಬಳ ಪಾಲಿಗೇ. 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ 35ನೆಯವಳಾಗಿದ್ದ ಆಕೆ 2024ರ ಪ್ಯಾರಿಸ್ ಕೂಟದಲ್ಲಿ 21ನೆಯ ಸ್ಥಾನಕ್ಕೇರಿದಳು.

ಆ ಪ್ಯಾರಿಸ್ ಕೂಟದ ಹಾಯಿದೋಣಿ ಪಂದ್ಯಗಳು ನಡೆದುದು ಮೆಡಿಟರೇನಿಯನ್ ಕಡಲ ತೀರದ ಮಾರ್ಸೇಯಲ್ಲಿ. ಅಲ್ಲಿ ಗಾಳಿ ಮತ್ತೆ ಮತ್ತೆ ಕೈಕೊಟ್ಟಿತು. ಆಗಸ್ಟ್ 1ರಂದು ಇಬ್ಬಿಬ್ಬರ ದೋಣಿಗಳ ಪದಕದ ಸ್ಪರ್ಧೆಗಳಿದ್ದುವು. ಆರಂಭವಾಗಿದ್ದ ಪುರುಷರ ಸ್ಪರ್ಧೆ ಗಾಳಿ ಸತ್ತುದರಿಂದ ನಡುವೆಯೇ ನಿಂತಿತು. ಮಹಿಳೆಯರ ಸ್ಪರ್ಧೆ ನಡೆಯಲೇ ಇಲ್ಲ. ವರ್ಷಗಟ್ಟಲೆ ದೇಹವನ್ನು ದಂಡಿಸಿ, ಅದೊಂದು ದಿನಕ್ಕಾಗಿ ಬಂದವರೆಲ್ಲ ಗಾಳಿಯಿಲ್ಲದ ಕಡಲನ್ನು ಬಿಟ್ಟು ದಡಕ್ಕೆ ಮರಳಬೇಕಾಯಿತು. ಮರುದಿನ ಗಾಳಿ ಬಂತು. ಮಹಿಳೆಯರ ಸ್ಪರ್ಧೆಯಲ್ಲಿ ನೆದರ್ಲೆಂಡ್ಸಿನ ಜೋಡಿಗೆ ಚಿನ್ನ ದೊರೆಯಿತು.