ಗಡಿ ದಾಟುವ ಮೂಲನಿವಾಸಿಗಳು: ಪೌರತ್ವವಿಲ್ಲದ ಪ್ರವೇಶದ ಹಕ್ಕು

ಅಮೆರಿಕ ಮತ್ತು ಬ್ರಿಟನ್ ನಡುವಿನ 1794ರ ಜೇ ಒಪ್ಪಂದದ 3ನೇ ವಿಧಿ ಈ ವಿಷಯದ ಮೂಲ. ಗಡಿಯ ಎರಡೂ ಬದಿಯ ಮೂಲನಿವಾಸಿಗಳು ಮುಕ್ತವಾಗಿ ಓಡಾಡಬಹುದೆಂದು ಅದು ಒಪ್ಪಿತ್ತು. ಗಡಿರೇಖೆ ಅವರ ನೆಲವನ್ನೇ ಸೀಳಿತ್ತು: ಮೋಹಾಕ್ ಜನರ ಅಕ್ವೆಸಾಸ್ನೆ ಇಂದಿಗೂ ನ್ಯೂಯಾರ್ಕ್, ಒಂಟಾರಿಯೊ, ಕ್ವಿಬೆಕ್‌ಗಳಲ್ಲಿ ಹಂಚಿಹೋಗಿದೆ.

ಅಮೆರಿಕ: 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ ಸೆಕ್ಷನ್ 289 ಮುಖ್ಯ. ಕೆನಡಾದಲ್ಲಿ ಹುಟ್ಟಿ, ಕನಿಷ್ಠ ಶೇ 50ರಷ್ಟು ಮೂಲನಿವಾಸಿ ರಕ್ತಸಂಬಂಧ ಉಳ್ಳವರು ವೀಸಾ ಇಲ್ಲದೆ ಬಂದು ನೆಲೆಸಬಹುದು, ದುಡಿಯಬಹುದು. ಸಮುದಾಯದ ಸದಸ್ಯತ್ವವಷ್ಟೇ ಸಾಲದು. ತನ್ನವರೆಂದು ಬುಡಕಟ್ಟು ಒಪ್ಪಿಕೊಂಡ ಮೊಮ್ಮಕ್ಕಳೂ ರಕ್ತದ ಈ ಲೆಕ್ಕದಲ್ಲಿ ಹೊರಗುಳಿಯಬಹುದು. ಇದು ಅನ್ಯಾಯವೇ ಸರಿ.

ಕೆನಡಾ: ಇಲ್ಲಿ ಆಧಾರ ನೋಂದಣಿ. ಜಾರಿಗೊಳಿಸುವ ಶಾಸನವಿಲ್ಲದೆ ಜೇ ಒಪ್ಪಂದ ದೇಶದೊಳಗೆ ಅನ್ವಯಿಸದೆಂದು 1956ರ ಫ್ರಾನ್ಸಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಇಂಡಿಯನ್ ಕಾಯ್ದೆಯಡಿ ನೋಂದಾಯಿತರಾದವರು ಪೌರರಲ್ಲದಿದ್ದರೂ ಪ್ರವೇಶಿಸಿ ನೆಲೆಸಬಹುದು (ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆ, ಸೆಕ್ಷನ್ 19).

ಇದೇ ಕೋರ್ಟ್‌ನ 2021ರ ಡೆಸೊಟೆಲ್ ತೀರ್ಪನ್ನು ಎಚ್ಚರಿಕೆಯಿಂದ ಓದಿಕೊಳ್ಳಿ. ಅಮೆರಿಕದಲ್ಲಿ ನೆಲೆಸಿದ ಸಿನಿಕ್ಸ್ಟ್ ಮೂಲನಿವಾಸಿಗಳ ವಂಶಸ್ಥರಿಗೆ ಬ್ರಿಟಿಷ್ ಕೊಲಂಬಿಯಾದ ಪೂರ್ವಜರ ನೆಲದಲ್ಲಿ ಬೇಟೆಯ ಹಕ್ಕು ಸಿಕ್ಕಿತು. ಕೆನಡಾ ಪ್ರವೇಶದ ಹಕ್ಕನ್ನು ಕೋರ್ಟ್ ತೀರ್ಮಾನಿಸಲಿಲ್ಲ.

ಆಸ್ಟ್ರೇಲಿಯಾ: 2020ರ ಲವ್–ಥಾಮ್ಸ್ ಪ್ರಕರಣದಲ್ಲಿ ಹೈಕೋರ್ಟ್ 4–3 ಬಹುಮತದಿಂದ, ಅಬಾರಿಜಿನಲ್ ಆಸ್ಟ್ರೇಲಿಯನ್ನರು ಪೌರತ್ವವಿಲ್ಲದಿದ್ದರೂ ಸಂವಿಧಾನದ ಅರ್ಥದಲ್ಲಿ ಪರಕೀಯರಲ್ಲವೆಂದಿತು. ಗುರುತಿನ ಮಾನದಂಡ 1992ರ ಮಾಬೊ ತೀರ್ಪಿನದು: ವಂಶ, ಸ್ವಯಂ ಗುರುತಿಸಿಕೊಳ್ಳುವಿಕೆ, ಸಮುದಾಯದ ಮನ್ನಣೆ.