ಅಜ್ಜಿಯ ಜಮಖಾನ: ಕಥೆಯೊಳಗಿನ ಲೆಕ್ಕ



ಪಿಯುಸಿ ಅರ್ಜಿ ತುಂಬುವಾಗ ‘ತಾಯಿಯ ಉದ್ಯೋಗ’ ಎಂಬಲ್ಲಿ ನಾನು ‘ಗೃಹಿಣಿ’ ಎಂದು ಬರೆದೆ. ಆಗ ಅಮ್ಮಿ ಪಕ್ಕದಲ್ಲೇ ಮಗ್ಗದ ಮುಂದೆ ಕುಳಿತಿದ್ದರು. ಆ ತಪ್ಪು ನನಗೆ ಗೊತ್ತಾಗಿದ್ದು ಈ ವರ್ಷ, ಅರ್ಥಶಾಸ್ತ್ರದಲ್ಲಿ ‘ಅವಕಾಶ ವೆಚ್ಚ’ ಪಾಠ ಓದಿದ ಮೇಲೆ. ಊರಿನ ಹಿರಿಯರು ತಮ್ಮ ಕಷ್ಟದ ಕಥೆ ಹೇಳುವಾಗ ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಹೇಗೆ ಕೇಳಬೇಕು ಎಂಬುದೇ ಈ ಲೇಖನದ ವಿಷಯ.

ನವಲಗುಂದದ ಜಮಖಾನ ನಮ್ಮ ಜಿಲ್ಲೆಯ ಹೆಮ್ಮೆ. ಮದುವೆ ಇರಲಿ, ಉರುಸು ಇರಲಿ, ಮಠದ ಪುರಾಣ ಇರಲಿ, ಬಂದವರನ್ನು ಬರಿ ನೆಲದ ಮೇಲೆ ಕೂಡಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಬಿಜಾಪುರದ ಆದಿಲ್‌ಶಾಹಿ ಕಾಲದಲ್ಲಿ ನೇಕಾರರು ಇಲ್ಲಿಗೆ ಬಂದರೆಂದು ಹಿರಿಯರು ಹೇಳುತ್ತಾರೆ. ನೇಯುವವರು ಹೆಂಗಸರೇ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಹಲಗೆಯ ಮೇಲೆ ಕುಳಿತು, ಬಣ್ಣದ ಹತ್ತಿ ನೂಲನ್ನು ಕೈಯಿಂದಲೇ ಸೇರಿಸಿ, ‘ಪಂಜಾ’ ಎಂಬ ಕಬ್ಬಿಣದ ಹಣಿಗೆಯಿಂದ ಬಡಿದು ಬಿಗಿ ಮಾಡುತ್ತಾರೆ. ನವಿಲು, ಪಗಡೆ ಹಾಸು ಇದರ ಹೆಸರಾದ ವಿನ್ಯಾಸಗಳು. ನಮಾಜಿನ ಜಾನಮಾಜ್ ಕೂಡ ಇದೇ ಮಗ್ಗದಲ್ಲಿ ಹುಟ್ಟುತ್ತದೆ.

ಅಜ್ಜಿಯ ಕಥೆಯನ್ನು ನಾನು ನೂರು ಸಲ ಕೇಳಿದ್ದೇನೆ. ಮದುವೆಯಾಗಿ ಬಂದ ಮೇಲೆ ಅವರು ಅತ್ತೆಯ ಪಕ್ಕ ಕುಳಿತು ಕಲಿತರು. ಜಮಖಾನ ಮಾರಿದ ಹಣದಲ್ಲೇ ಅಬ್ಬಾನನ್ನು ಓದಿಸಿದರು. ಕಥೆ ಮುಗಿದಾಗ ಎಲ್ಲರೂ ‘ಶಾಬಾಶ್’ ಅನ್ನುತ್ತಾರೆ, ಏಳುತ್ತಾರೆ. ಈ ಸಲ ನಾನು ನೋಟ್‌ಬುಕ್ ಹಿಡಿದು ಕೇಳಿದೆ: “ಒಂದಕ್ಕೆ ಎಷ್ಟು ದಿನ? ಎಷ್ಟು ಕೈ? ಎಷ್ಟು ಉಳೀತು?” ಅಜ್ಜಿ ನಕ್ಕರು. “ನೂಲಿನ ಲೆಕ್ಕ ಇಟ್ಟಿದ್ದೆ. ಕೈಯ ಲೆಕ್ಕ ಯಾರು ಇಡುತ್ತಾರೆ?” ಎಂದರು.

ಆ ಲೆಕ್ಕವನ್ನು ನಾವು ಹಾಕಿ ನೋಡೋಣ. ಸಂಖ್ಯೆಗಳು ಉದಾಹರಣೆಗೆ ಮಾತ್ರ.

ಮಾರಾಟ ಬೆಲೆ: 2,500 ರೂ.
ನೂಲು, ಬಣ್ಣ: 700 ರೂ.
ಉಳಿದದ್ದು: 1,800 ರೂ.
ಕೆಲಸ: ಇಬ್ಬರು, 6 ದಿನ (ಒಟ್ಟು 12 ಕೂಲಿ ದಿನ)

ಮನೆಯಲ್ಲಿ 1,800 ರೂಪಾಯಿಯನ್ನು ‘ಲಾಭ’ ಎನ್ನುತ್ತೇವೆ. ಆದರೆ 12ರಿಂದ ಭಾಗಿಸಿದರೆ ಒಬ್ಬರಿಗೆ ದಿನಕ್ಕೆ 150 ರೂ. ಮಾತ್ರ. 2024-25ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 349 ರೂ. ಇತ್ತು. ಅಂದರೆ 12 ದಿನಕ್ಕೆ 4,188 ರೂ. ಒಂದು ಕೆಲಸ ಆರಿಸಿಕೊಂಡಾಗ ಬಿಟ್ಟುಕೊಟ್ಟ ಇನ್ನೊಂದು ಕೆಲಸದ ಗಳಿಕೆಯೇ ಅವಕಾಶ ವೆಚ್ಚ. ಅದನ್ನು ಸೇರಿಸಿದರೆ ಜಮಖಾನದ ನಿಜವಾದ ವೆಚ್ಚ 4,888 ರೂ. ಹಾಗಾದರೆ 2,500ಕ್ಕೆ ಮಾರಿದ್ದು ಲಾಭವಲ್ಲ, 2,388 ರೂ. ನಷ್ಟ. ಅದನ್ನು ತುಂಬಿದ್ದು ಮನೆಯ ಹೆಂಗಸರ ಕೈಗಳು.

“ನವಲಗುಂದ ಜಮಖಾನಕ್ಕೆ ಜಿಐ ಮಾನ್ಯತೆ ಇದೆಯಲ್ಲ?” ಎಂದು ನೀವು ಕೇಳಬಹುದು. ಇದೆ. ಭೌಗೋಳಿಕ ಸೂಚಿಗಳ ಕಾಯ್ದೆ 1999ರದು, ಜಾರಿಗೆ ಬಂದದ್ದು 2003ರಲ್ಲಿ. ನೋಂದಣಿ 10 ವರ್ಷಕ್ಕೆ, ಮತ್ತೆ ನವೀಕರಿಸಬಹುದು. ಬೇರೆ ಊರಿನ ಯಂತ್ರದ ಹಾಸನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ಆದರೆ ಜಿಐ ಕಾಯುವುದು ಹೆಸರನ್ನು, ಕೂಲಿಯನ್ನಲ್ಲ. ನೇಕಾರರು ‘ಅಧಿಕೃತ ಬಳಕೆದಾರ’ರಾಗಿ ಬೇರೆಯಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಬೆಲೆ ಹೇಳುವ ಶಕ್ತಿಯೂ ಅವರಿಗಿರಬೇಕು.

ಆ ಶಕ್ತಿ ಒಗ್ಗಟ್ಟಿನಿಂದ ಬರುತ್ತದೆ. 1959ರಲ್ಲಿ ಮುಂಬೈಯ ಗಿರಗಾಂವದಲ್ಲಿ 7 ಹೆಂಗಸರು 80 ರೂ. ಸಾಲ ತಂದು ಹಪ್ಪಳ ಮಾಡಲು ಕುಳಿತರು. ಅದೇ ಇಂದಿನ ಲಿಜ್ಜತ್. ಅಲ್ಲಿ ಹಪ್ಪಳ ಲಟ್ಟಿಸುವವರೇ ಸದಸ್ಯರು, ಅವರೇ ಮಾಲೀಕರು. ಲಾಭವೂ ಅವರದೇ, ನಷ್ಟವೂ ಅವರದೇ. ಜಮಖಾನಕ್ಕೆ ಹಪ್ಪಳದಷ್ಟು ಗಿರಾಕಿ ಇಲ್ಲ, ನಿಜ. ಆದರೂ ಕೈಯ ಲೆಕ್ಕ ಇಡುವ ಪಾಠ ಎರಡಕ್ಕೂ ಒಂದೇ.

ಇನ್ನೊಂದು ಮಾತು. ಈ ವಿದ್ಯೆಯನ್ನು ಸೊಸೆಗೆ ಕಲಿಸುತ್ತಿದ್ದರು, ಮಗಳಿಗಲ್ಲ. ಮಗಳು ಬೇರೆ ಮನೆಗೆ ಹೋಗುವವಳು ಎಂದು. ಹಾಗಾಗಿ ಅಮ್ಮಿಗೆ ಬರುತ್ತದೆ, ನನಗೆ ಬರುವುದಿಲ್ಲ. ಹೋದ ತಿಂಗಳು ಅಜ್ಜಿಯನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಲಗೆಯ ಮೇಲೆ ಜಾಗ ಬಿಟ್ಟರು. ನಾನು ನೇಯ್ದ ಮೊದಲ ನಾಲ್ಕು ಬೆರಳಗಲವನ್ನು ಅಮ್ಮಿ ಬಿಚ್ಚಿದರು. ಈಗ ಎರಡನೇ ಸಲ ಕುಳಿತಿದ್ದೇನೆ.

ಚಟುವಟಿಕೆ: ನಿಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರು, ಹೊಲಿಯುವವರು, ಎಮ್ಮೆ ಕಟ್ಟಿದವರು ಯಾರಾದರೂ ಇರುತ್ತಾರೆ. ಅವರ ಕಥೆ ಕೇಳಿ. ಕೇಳಿದ ಮೇಲೆ ಈ ನಾಲ್ಕು ಪ್ರಶ್ನೆ ಹಾಕಿ:
1. ಸಾಮಾನಿಗೆ ಎಷ್ಟು ಖರ್ಚು?
2. ಎಷ್ಟು ಜನ, ಎಷ್ಟು ದಿನ?
3. ಬೆಲೆ ಹೇಳುವವರು ಯಾರು?
4. ಹಣ ಯಾರ ಕೈಗೆ ಬರುತ್ತದೆ?

ಉತ್ತರ ಬರೆದು ತರಗತಿಗೆ ತನ್ನಿ. ಮುಂದಿನ ಅರ್ಜಿಯಲ್ಲಿ ನಾನು ‘ತಾಯಿಯ ಉದ್ಯೋಗ: ಜಮಖಾನ ನೇಕಾರಿಕೆ’ ಎಂದು ಬರೆಯುತ್ತೇನೆ. ನೀವು ಏನು ಬರೆಯುತ್ತೀರಿ, ಯೋಚಿಸಿ.